ಇವತ್ತು ಬೋಟು ಹೋಗಲ್ಲ: ದೂರದ ದ್ವೀಪಗಳ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಇರೋ ಆರ್ಕ್ನಿ ದ್ವೀಪಗಳು, ಆಮೇಲೆ ಪಶ್ಚಿಮದ ಹೆಬ್ರಿಡೀಸ್, ಇಷ್ಟನ್ನೂ 16 ಸೀಟಿನ ಮಿನಿಬಸ್ಸಲ್ಲಿ ಒಬ್ಬ ಗೈಡ್ ಜೊತೆ 11 ದಿನ ಸುತ್ತಿ ಬಂದ ಕಥೆ ಬರ್ದಿದ್ದೆ. ಬರ್ದು ಸುಮ್ನಾಗೋಣ ಅಂದ್ಕೊಂಡ್ರೆ ಕಾಗದ, ವಾಟ್ಸಾಪ್ ಮೆಸೇಜು, ಮದುವೆ ಊಟದ ಸಾಲಲ್ಲಿ ಕೈ ಹಿಡಿದು ನಿಲ್ಲಿಸಿ ಕೇಳಿದ್ದು ಎಲ್ಲ ಸೇರಿ ಪ್ರಶ್ನೆಗಳೇ ಒಂದು ಚೀಲ ಆಯ್ತು. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಅದಕ್ಕೆ ಊರು ಮಾತ್ರ ಹಾಕಿದ್ದೀನಿ. ಕೊಡಗಲ್ಲಿ ಊರು ಹೇಳಿದ್ರೆ ಮನೆನೂ ಗೊತ್ತಾಗಿಬಿಡುತ್ತೆ, ಅದಕ್ಕೆ ನಾನೇನೂ ಮಾಡೋಕಾಗಲ್ಲ.

ವಿರಾಜಪೇಟೆಯಿಂದ, ನಿವೃತ್ತ ಟೀಚರ್: ಮೇಡಂ, ನನಗೆ 61. ಯಜಮಾನ್ರು ಹೋಗಿ ನಾಲ್ಕು ವರ್ಷ ಆಯ್ತು. ಮಕ್ಕಳು "ಅಮ್ಮ ದೊಡ್ಡ ಟೂರ್ ಕಂಪನಿ ಜೊತೆ ಹೋಗು, 45 ಜನ ಇರ್ತಾರೆ, ನಮ್ಮೋರೇ ಇರ್ತಾರೆ, ಸೇಫ್" ಅಂತಾರೆ. ನನಗೆ ಆ ಸಣ್ಣ ಗುಂಪಿನದ್ದೇ ಇಷ್ಟ ಆಯ್ತು. ಒಬ್ಬಳೇ ಹೋದ್ರೆ ಬೇಜಾರಾಗಲ್ವಾ? ಗುರುತಿಲ್ಲದ ಹದಿನೈದು ಜನರ ಜೊತೆ ಹೇಗೆ?

ಅಕ್ಕಾ, ಮೊದಲ್ನೇ ದಿನ ಬೇಜಾರಾಗುತ್ತೆ, ಸುಳ್ಳು ಯಾಕೆ ಹೇಳ್ಲಿ. ನಮ್ಮ ಗುಂಪಲ್ಲಿ ಇಂಡಿಯಾದೋಳು ನಾನೊಬ್ಬಳೇ, ಉಳಿದವರು ಜರ್ಮನ್, ಕೆನಡಾ, ಆಸ್ಟ್ರೇಲಿಯಾ, ಇಬ್ಬರು ಇಂಗ್ಲೆಂಡಿನ ಅಜ್ಜಿಯರು. ಎರಡನೇ ದಿನ ಮಧ್ಯಾಹ್ನ ಗಾಳಿಗೆ ನನ್ನ ಛತ್ರಿ ತಿರುಗಿ ಮುರಿದು ಕೈಯಲ್ಲಿ ಬರೀ ಕೋಲು ಉಳೀತು, ಎಲ್ಲಾರೂ ಬಿದ್ದು ಬಿದ್ದು ನಕ್ಕರು, ಅಲ್ಲಿಂದ ಫ್ರೆಂಡ್ಸ್ ಆದ್ವಿ. ನಿಮ್ಮ ಮಕ್ಕಳು ಹೇಳೋ 45 ಜನರ ಬಸ್ಸಲ್ಲಿ ಊಟ ನಮ್ಮದೇ, ಭಾಷೆನೂ ನಮ್ಮದೇ ಸಿಗುತ್ತೆ, ಒಪ್ತೀನಿ. ಆದ್ರೆ ಈ ದ್ವೀಪಗಳ ಎಷ್ಟೋ ರಸ್ತೆ ಒಂದೇ ಗಾಡಿ ಹೋಗೋ ಅಗಲ, ಎದುರಿಂದ ಗಾಡಿ ಬಂದ್ರೆ ಪಕ್ಕದ ಸಣ್ಣ ಜಾಗದಲ್ಲಿ ನಿಂತು ದಾರಿ ಬಿಡ್ಬೇಕು, ನಮ್ಮ ತೋಟದ ರಸ್ತೆ ಹಾಗೇನೇ. ದೊಡ್ಡ ಬಸ್ಸು ಮೇನ್ ರೋಡಲ್ಲಿ ನಿಲ್ಲಿಸಿ "ಇಪ್ಪತ್ತು ನಿಮಿಷ, ಫೋಟೋ ತಗೊಳ್ಳಿ" ಅನ್ನುತ್ತೆ. ನಮ್ಮದು ಆ ಸಣ್ಣ ರಸ್ತೇಲಿ ಕಡಲ ದಂಡೆ ತನಕ ಹೋಯ್ತು.

ಒಂಟಿಯಾಗಿ ಹೋಗೋರಿಗೆ ಒಂದು ಪೆಟ್ಟು ಇದೆ, ಅದನ್ನ ಸಿಂಗಲ್ ಸಪ್ಲಿಮೆಂಟ್ ಅಂತಾರೆ, ಒಬ್ಬರೇ ರೂಮಲ್ಲಿ ಇರೋದಕ್ಕೆ ಹೆಚ್ಚುವರಿ ದುಡ್ಡು. ಬೆಲೆ ಕೇಳುವಾಗ ಮೊದಲು ಅದನ್ನೇ ಕೇಳಿ. ಆಮೇಲೆ ಮಧ್ಯಾಹ್ನದ್ದು ರಾತ್ರಿದು ಊಟ ಸೇರಿದ್ಯಾ (ಬಹಳಷ್ಟು ಕಡೆ ಬೆಳಗಿನ ತಿಂಡಿ ಮಾತ್ರ), ಫೆರಿ ಟಿಕೆಟ್ಟು ಸೇರಿದ್ಯಾ, ಒಳಗೆ ಹೋಗೋ ಟಿಕೆಟ್ಟು ಸೇರಿದ್ಯಾ. ಇಷ್ಟನ್ನೂ ಎಲ್ಲಾರೂ ಕೇಳ್ತಾರೆ. ಯಾರೂ ಕೇಳದೇ ಇರೋ ಪ್ರಶ್ನೆ ಒಂದಿದೆ, ಅದನ್ನ ನೀವು ಕೇಳಿ: ಗಾಳಿ ಜಾಸ್ತಿ ಆಗಿ ಬೋಟು ನಿಂತ್ರೆ ಗೈಡ್ ಏನು ಮಾಡ್ತಾನೆ? "ನಮ್ಮ ಪ್ಲ್ಯಾನ್ ಯಾವತ್ತೂ ಬದಲಾಗಲ್ಲ ಮೇಡಂ" ಅಂದ್ರೆ ಫೋನ್ ಇಟ್ಬಿಡಿ. "ಒಂದಿನ ಖಾಲಿ ಇಟ್ಕೊಂಡಿದೀವಿ, ಹಿಂದೆ ಮುಂದೆ ಮಾಡ್ತೀವಿ" ಅಂದ್ರೆ ಅವ್ರು ಸಮುದ್ರ ನೋಡಿದೋರು.

ಗೋಣಿಕೊಪ್ಪದಿಂದ, ಬೆಳೆಗಾರರು: ಯಾವ ತಿಂಗಳು ಹೋಗೋದು? ಡಿಸೆಂಬರ್ ರಜೇಲಿ ಎಲ್ಲಾ ಹೋಗ್ತಾರೆ, ನಮಗೆ ಅವಾಗ ಉಸಿರಾಡೋಕೂ ಟೈಮಿಲ್ಲ.

ಈ ವಿಷಯದಲ್ಲಿ ಕಾಫಿ ಬೆಳೆಗಾರನಷ್ಟು ಅದೃಷ್ಟವಂತ ಇಲ್ಲ ನೋಡಿ. ನವೆಂಬರಿಂದ ಅರೇಬಿಕಾ ಕೊಯ್ಲು, ಅದು ಮುಗಿಯೋ ಹೊತ್ತಿಗೆ ರೋಬಸ್ಟಾ, ಅದರ ಬೆನ್ನಿಗೇ ಕರಿಮೆಣಸು, ಸ್ಪ್ರಿಂಕ್ಲರ್, ಹೂಮಳೆ ಬಂತಾ ಇಲ್ವಾ ಅನ್ನೋ ಸಂಕಟ, ಆಮೇಲೆ ಮರಗಸಿ (ನೆರಳುಮರದ ಕೊಂಬೆ ಸವರೋದು), ಗೊಬ್ಬರ. ಮಳೆ ಹಿಡಿದ ಮೇಲೆ ಸ್ವಲ್ಪ ಉಸಿರು. ಆರ್ಕ್ನಿಗೂ ಹೆಬ್ರಿಡೀಸಿಗೂ ಸರಿಯಾದ ಕಾಲ ಅಂದ್ರೆ ಮೇ ಕೊನೆಯಿಂದ ಜುಲೈ, ಅಂದ್ರೆ ನಾವು ಮನೇಲಿ ಕೂತು ಕರೆಂಟು ಯಾವಾಗ ಬರುತ್ತೆ ಅಂತ ಕಾಯೋ ಕಾಲ. ಜೂನ್ ಕೊನೇಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತೂವರೆ ಹತ್ರ, ಬೆಳಗ್ಗೆ ನಾಲ್ಕಕ್ಕೆಲ್ಲಾ ಮತ್ತೆ ಹಾಜರ್. ಪಫಿನ್ ಅಂತ ಬಣ್ಣಬಣ್ಣದ ಕೊಕ್ಕಿನ ಪುಟ್ಟ ಹಕ್ಕಿ ಇದ್ಯಲ್ಲ, ಅದು ದಡಕ್ಕೆ ಬರೋದೂ ಏಪ್ರಿಲಿಂದ ಜುಲೈ ತನಕ, ಆಗಸ್ಟಲ್ಲಿ ಹೋಗಿ ಪಫಿನ್ ಎಲ್ಲಿ ಅಂದ್ರೆ ಸಮುದ್ರದ ಮಧ್ಯೆ ಅಂತಾರೆ.

ಮಳೆ ಬಗ್ಗೆ ಅಲ್ಲಿಯೋರು ಬಹಳ ಹೆದರಿಸ್ತಾರೆ, ನಂಬ್ಬೇಡಿ. ಆರ್ಕ್ನಿಯ ಮುಖ್ಯ ಊರು ಕರ್ಕ್‌ವಾಲಲ್ಲಿ ವರ್ಷಕ್ಕೆ ಬೀಳೋದು ಸುಮಾರು 1000 ಮಿಲಿಮೀಟರ್, ಮಡಿಕೇರಿಯಲ್ಲಿ 3000 ದಾಟುತ್ತೆ, ಭಾಗಮಂಡಲದ ಲೆಕ್ಕ ಹೇಳಿದ್ರೆ ಅವ್ರು ನಂಬಲ್ಲ, ನಾನು ಹೇಳಿ ನೋಡಿದೆ. ಆದ್ರೆ ಗಾಳಿ! ನಮ್ಮಲ್ಲಿ ಮಳೆ ಮೇಲಿಂದ ಬೀಳುತ್ತೆ, ಅಲ್ಲಿ ಪಕ್ಕದಿಂದ ಬರುತ್ತೆ. ದ್ವೀಪದಲ್ಲಿ ಮರ ಅಂದ್ರೆ ಹುಡುಕ್ಬೇಕು, ತಡೆಯೋಕೆ ಏನೂ ಇಲ್ಲ. ಛತ್ರಿ ಮನೇಲೇ ಬಿಟ್ಟು ಟೋಪಿ ಇರೋ ಒಳ್ಳೇ ರೇನ್‌ಜಾಕೆಟ್ಟು, ಅದೇ ತರದ್ದು ಪ್ಯಾಂಟು ತಗೊಳ್ಳಿ. ಬೇಸಿಗೆ ಅಂದ್ರೂ ಮಧ್ಯಾಹ್ನ 15 ಡಿಗ್ರಿ ಆಸುಪಾಸು. ನಮ್ಮ ಇಂಬಳದ ಬದಲು ಅಲ್ಲಿ ಮಿಡ್ಜ್ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಉಂಟು, ಗಾಳಿ ನಿಂತಾಗ ಕಚ್ಚುತ್ತೆ, ಸಂಜೆ ಜಾಸ್ತಿ. ಸುಣ್ಣ ಉಪ್ಪು ಎಂತದೂ ಕೆಲಸ ಮಾಡಲ್ಲ, ಮುಖಕ್ಕೆ ಬಲೆ ಸಿಗುತ್ತೆ, ಹಾಕ್ಕೊಂಡ್ರೆ ಜೇನು ತೆಗೆಯೋಕೆ ಹೊರಟ ಹಾಗೆ ಕಾಣ್ತೀವಿ, ಪರವಾಗಿಲ್ಲ.

ಮನೇಲಿ ಒಬ್ಬರನ್ನ ಬಿಟ್ಟು ಹೋಗಿ. ನಾನು ಕರ್ಕ್‌ವಾಲಲ್ಲಿ ಐಸ್‌ಕ್ರೀಂ ತಿಂತಿರುವಾಗ ತೋಟದ ರೈಟರ್ ಫೋನ್ ಮಾಡಿ ಸಿಲ್ವರ್ ಮರ ಕರೆಂಟು ಲೈನ್ ಮೇಲೆ ಬಿತ್ತು ಅಂದ. ಅಲ್ಲಿಂದ ನಾನೇನು ಮಾಡ್ಲಿ?

ಸೋಮವಾರಪೇಟೆಯಿಂದ: ನೀವು ಬರ್ದಿದ್ದೆಲ್ಲಾ ಓದಿದೆ. ಐದು ಸಾವಿರ ವರ್ಷದ ಕಲ್ಲು ಅಂತೀರಿ. ನಮ್ಮ ಕಡೆನೂ ಪಾಂಡವರ ಹೆಸರು ಹೇಳೋ ಕಲ್ಲುಗೋರಿಗಳು ಬೇಕಾದಷ್ಟಿವೆ, ದನ ಮೇಯ್ತಾವೆ ಅಲ್ಲಿ. ಲಕ್ಷಗಟ್ಟಲೆ ಸುರಿದು ಕಲ್ಲು ನೋಡೋಕೆ ಸ್ಕಾಟ್ಲೆಂಡಿಗೆ ಯಾಕ್ರೀ ಹೋಗ್ಬೇಕು?

ಈ ಪ್ರಶ್ನೆಗೆ ನಾನು ಕಾಯ್ತಿದ್ದೆ. ನೀವು ಕೇಳೋದು ನ್ಯಾಯವೇ. ಬರೀ ಕಲ್ಲು ನೋಡೋದಾದ್ರೆ ಹೋಗ್ಬೇಡಿ, ನಾನೂ ಅದನ್ನೇ ಹೇಳ್ತೀನಿ.

ಆರ್ಕ್ನಿಯಲ್ಲಿ ಸ್ಕಾರಾ ಬ್ರೇ ಅಂತ ಒಂದು ಜಾಗ. 1850ರಲ್ಲಿ ದೊಡ್ಡ ಬಿರುಗಾಳಿ ಬಂದು ಕಡಲ ದಂಡೆಯ ಮರಳುದಿಬ್ಬವನ್ನ ಕಿತ್ಕೊಂಡು ಹೋಯ್ತು, ಕೆಳಗೆ ಒಂದು ಹಳ್ಳಿ. ಸುಮಾರು ಕ್ರಿ.ಪೂ. 3180ರಿಂದ 2500ರ ತನಕ ಜನ ಇದ್ದ ಹಳ್ಳಿ, ಈಜಿಪ್ಟಿನ ಗೀಜಾ ಪಿರಮಿಡ್ಡಿಗಿಂತ ಹಳೇದು. ಮರ ಇಲ್ಲದ ಊರಲ್ವಾ, ಅದಕ್ಕೆ ಮಂಚ ಕಲ್ಲಿಂದು, ಶೆಲ್ಫ್ ಕಲ್ಲಿಂದು, ನಡುವೆ ಒಲೆ ಅದಕ್ಕೂ ಕಲ್ಲಿನ ಕಟ್ಟೆ. ಒಳಗೆ ಇಳಿಯೋಕೆ ಬಿಡಲ್ಲ, ಮೇಲಿನ ದಾರೀಲಿ ನಿಂತು ಮನೆಯೊಳಗೆ ಇಣುಕೋದು. ನಮಗಿಂತ ಮುಂಚೆ ಬಂದಿದ್ದ ಒಂದು ದೊಡ್ಡ ಗುಂಪು ಸುತ್ತು ಹಾಕಿ, ಸೆಲ್ಫಿ ತಗೊಂಡು, ಅಂಗಡಿಗೆ ನುಗ್ಗಿ ಹೊರಟೇ ಹೋಯ್ತು. ಅಂಗಡಿ ಚೆನ್ನಾಗಿತ್ತು ಅದು ಬೇರೆ ಮಾತು.

ನಮ್ಮ ಗೈಡು ಅರವತ್ತರ ಆಸುಪಾಸಿನ ಹೆಂಗಸು, ಅದೇ ದ್ವೀಪದವಳು. ಅವಳು ನಮ್ಮನ್ನ ನೋಡೋಕೇ ಬಿಡ್ಲಿಲ್ಲ ಮೊದಲು. ಪಕ್ಕದಲ್ಲಿ ಅದೇ ಅಳತೇಲಿ ಕಟ್ಟಿದ ಒಂದು ನಕಲು ಮನೆ ಇದೆ, ಅದರೊಳಗೆ ಒಬ್ಬೊಬ್ಬರನ್ನೇ ಬಗ್ಗಿಸಿ ಕಳಿಸಿದ್ಲು, ಬಾಗಿಲು ಅಷ್ಟು ಗಿಡ್ಡ. ಒಳಗೆ ಹೋಗಿ ತಲೆ ಎತ್ತಿದಾಗ ಮೊದಲು ಏನು ಕಾಣುತ್ತೆ ಅದನ್ನ ಬಂದು ಹೇಳಿ ಅಂದ್ಲು. ನಾನು ಬಗ್ಗಿ ಹೋಗಿ ತಲೆ ಎತ್ತಿದ್ರೆ ಎದುರಿಗೆ ಆ ಕಲ್ಲಿನ ಶೆಲ್ಫು. ಎಂತಕ್ಕೆ ಬಾಗಿಲಿನ ಎದುರಿಗೇ ಅದು? ಮನೆಯೋರು ತಮ್ಮ ಒಳ್ಳೇ ವಸ್ತು ಇಡೋ ಜಾಗ ಇರ್ಬಹುದು, ಪೂಜೆ ತರದ್ದು ಇರ್ಬಹುದು, ಬಂದೋರಿಗೆ ಕಾಣ್ಲಿ ಅಂತ ಇಟ್ಟಿದ್ದಂತೂ ಹೌದು ಅಂದ್ಲು. ನನಗೆ ನಮ್ಮ ಐನ್‌ಮನೆ, ಅಂದ್ರೆ ಕೊಡವ ಕುಟುಂಬದ ಮೂಲಮನೆ, ನೆನಪಾಯ್ತು. ಕೈಯಾಲೆ (ಜಗಲಿ) ದಾಟಿ ಒಳಗೆ ಕಾಲಿಟ್ರೆ ಮೊದಲು ಕಾಣೋದು ನೆಲ್ಲಕ್ಕಿ ನಡುಬಾಡೆ ಅನ್ನೋ ನಡುಮನೆ, ತೂಗುದೀಪ. ಅದನ್ನ ಹೇಳಿದೆ. ಅವಳು ನನ್ನ ಕೈಲಿ ನೋಟ್‌ಬುಕ್ ಕೊಟ್ಟು ಆ ದೀಪ ಎಲ್ಲಿ, ಬಾಗಿಲು ಎಲ್ಲಿ, ಚಿತ್ರ ಬರೆದು ತೋರ್ಸು ಅಂದ್ಲು, ಹದಿನೈದು ಜನ ಸುತ್ತ ನಿಂತು ಐನ್‌ಮನೆ ನಕ್ಷೆ ನೋಡಿದ್ರು. ಆಮೇಲೆ ಅಸಲಿ ಹಳ್ಳಿ ಹತ್ರ ಕರ್ಕೊಂಡು ಹೋದ್ಲು. ಅಷ್ಟೊತ್ತಿಗೆ ಅದು ನನಗೆ ಮನೆ ಆಗಿತ್ತು.

ಮೇಸ್‌ಹೋ ಅಂತ ಇನ್ನೊಂದು, ಹುಲ್ಲುದಿಬ್ಬದ ಒಳಗೆ ಕಲ್ಲಿನ ಗೋರಿ. ಹತ್ತು ಮೀಟರಿನಷ್ಟು ದಾರಿ ನಡು ಬಗ್ಗಿಸಿಕೊಂಡೇ ಹೋಗ್ಬೇಕು, ಒಳಗೆ ಹೋದ್ಮೇಲೆ ನೆಟ್ಟಗೆ ನಿಲ್ಬಹುದು. ಚಳಿಗಾಲದ ಅತಿ ಸಣ್ಣ ಹಗಲಿನ ದಿನಗಳಲ್ಲಿ ಮುಳುಗೋ ಸೂರ್ಯನ ಬೆಳಕು ಆ ದಾರೀಲಿ ನುಗ್ಗಿ ಹಿಂದಿನ ಗೋಡೆಗೆ ಬೀಳೋ ಹಾಗೆ ಕಟ್ಟಿದ್ದಾರೆ. ಕಟ್ಟಿ ಸಾವಿರಾರು ವರ್ಷ ಆದ್ಮೇಲೆ, 12ನೇ ಶತಮಾನದಲ್ಲಿ, ನಾರ್ಸ್ ಜನ (ವೈಕಿಂಗರ ವಂಶದೋರು) ಒಳಗೆ ನುಗ್ಗಿ ಗೋಡೆ ಮೇಲೆ ತಮ್ಮ ಲಿಪೀಲಿ ಕೆತ್ತಿದ್ದಾರೆ, ಎಂತ ಕೆತ್ತಿದ್ದಾರೆ ಅಂತೀರಿ? ಇಂತವನು ಕೆತ್ತಿದ್ದು ಅಂತ ಹೆಸರು, ಇಂಗಿಗೆರ್ಥ್ ಅನ್ನೋಳು ಹೆಂಗಸರಲ್ಲೆಲ್ಲಾ ಚೆಲುವೆ ಅಂತ ಒಂದು. ಮಾಂದಲ್‌ಪಟ್ಟಿ ದಾರಿಯ ಬಂಡೆ ಮೇಲೆ ಹಾರ್ಟ್ ಬರ್ದು ಹೆಸರು ಗೀಚೋ ನಮ್ಮ ಹುಡುಗ್ರಿಗೆ ಬೈಬೇಕೋ ಬೇಡ್ವೋ ಅಂತ ಒಂದು ಕ್ಷಣ ಅನುಮಾನ ಬಂತು. (ಬೈಬೇಕು. ಎಂಟುನೂರು ವರ್ಷ ಕಾಯೋ ತಾಳ್ಮೆ ಯಾರಿಗಿದೆ.) ಒಳಗೆ ಒಂದ್ಸಲಕ್ಕೆ ಸ್ವಲ್ಪ ಜನರನ್ನೇ ಬಿಡೋದು, ಮೊದಲೇ ಟೈಮ್ ಬುಕ್ ಆಗಿರ್ಬೇಕು, ಸಣ್ಣ ಗುಂಪಿಗೆ ಇಲ್ಲೂ ಲಾಭ.

ನಿಮ್ಮೂರಿನ ಕಲ್ಲಿಗೆ ಇಲ್ಲದೇ ಇರೋದು ಆ ಹೆಂಗಸು ಅಷ್ಟೇ. ನೀವೇ ಯಾಕೆ ಒಂದು ಭಾನುವಾರ ಹತ್ತು ಜನರನ್ನ ಕರ್ಕೊಂಡು ಹೋಗಿ ತೋರಿಸ್ಬಾರ್ದು? ದನ ಇದ್ರೂ ನಾನು ಬರ್ತೀನಿ.

ನಾಪೋಕ್ಲಿನಿಂದ: ವೀಸಾಕ್ಕೆ ಆದಾಯ ತೋರಿಸ್ಬೇಕಂತೆ. ನಮ್ಮದು ಕಾಫಿ ದುಡ್ಡು, ಐಟಿ ರಿಟರ್ನ್ಸ್ ನೋಡಿದ್ರೆ ಬಡವ ಅನ್ಸುತ್ತೆ. ಜಾಗ ಜಮ್ಮಾ (ತಲೆತಲಾಂತರದ ಕುಟುಂಬದ ಜಮೀನು), ಆರ್‌ಟಿಸಿ ಪಟ್ಟೆದಾರರ, ಅಂದ್ರೆ ಕುಟುಂಬದ ಹಿರಿಯರ ಹೆಸರಲ್ಲಿ. ಏನ್ಮಾಡೋದು?

ಕೊಡಗಿನ ಅರ್ಧ ಜನರ ಕಥೆ ಇದು. ಆಫೀಸಲ್ಲಿ ಕೂತೋರಿಗೆ ಜಮ್ಮಾ ಅಂದ್ರೆ ಎಂತ ಗೊತ್ತು, ಅವ್ರು ನೋಡೋದು ಕಾಗದದಲ್ಲಿ ನಿಮ್ಮ ಹೆಸರು ಇದ್ಯಾ, ದುಡ್ಡು ಎಲ್ಲಿಂದ ಬಂತು, ನೀವು ವಾಪಸ್ ಬರ್ತೀರಾ. ನಾನು ಮಾಡಿದ್ದು ಹೀಗೆ: ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಹಾಕಿದ ಬಿಲ್ಲುಗಳು, ಆ ಬಿಲ್ಲಿನ ದುಡ್ಡು ಖಾತೆಗೆ ಬಂದ ದಿನಕ್ಕೆ ಪೆನ್ಸಿಲಲ್ಲಿ ಗುರುತು, ಆರ್‌ಟಿಸಿ, ಕುಟುಂಬದಲ್ಲಿ ನನ್ನ ಪಾಲು ಇಷ್ಟು ಅಂತ ತೋರಿಸೋ ಕಾಗದ, ಎಲ್ಲದಕ್ಕೂ ಇಂಗ್ಲಿಷ್ ಅನುವಾದ, ಮೇಲೆ ಒಂದು ಪುಟದ ಪತ್ರ. ಆ ಪತ್ರದಲ್ಲಿ ಕೃಷಿ ಆದಾಯಕ್ಕೆ ಇಲ್ಲಿ ತೆರಿಗೆ ಹೇಗೆ, ಅದಕ್ಕೆ ರಿಟರ್ನ್ಸ್ ಯಾಕೆ ಸಣ್ಣದು ಅಂತ ನಾಲ್ಕು ಸಾಲು. ವೀಸಾಕ್ಕೆ ಹಾಕೋ ಮುಂಚೆ ಯಾರದ್ದೋ ಐದು ಲಕ್ಷ ಸಾಲ ತಂದು ಖಾತೆಗೆ ತುಂಬ್ಸೋದು ಮಾತ್ರ ಬೇಡ, ಅದು ತಕ್ಷಣ ಕಣ್ಣಿಗೆ ಬೀಳುತ್ತೆ.

ಹೊರಡೋ ದಿನಕ್ಕೆ 3 ತಿಂಗಳು ಮೊದಲಿಂದ ಅರ್ಜಿ ಹಾಕ್ಬಹುದು, ಸಾಮಾನ್ಯವಾಗಿ 3 ವಾರದಲ್ಲಿ ಉತ್ತರ ಬರುತ್ತೆ, ಬೆರಳಚ್ಚು ಕೊಡೋಕೆ ವೀಸಾ ಕೇಂದ್ರಕ್ಕೆ ಹೋಗ್ಲೇಬೇಕು. ವೀಸಾ ಕೈಗೆ ಬರೋ ಮುಂಚೆ ವಾಪಸ್ ಸಿಗದ ಟಿಕೆಟ್ ತಗೋಬೇಡಿ. ಇಲ್ಲಿನ ಏಜೆಂಟರ ಹತ್ರ ಫಾರಿನ್ ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ ಅಂತ ಮೊದಲೇ ತೆರಿಗೆ ಹಿಡೀತಾರೆ, ಅದು ಹೋದ ದುಡ್ಡಲ್ಲ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತೆ, ಆಡಿಟರಿಗೆ ನೆನಪಿಸಿ.

ಮಡಿಕೇರಿಯಿಂದ, ಕಾಲೇಜು ವಿದ್ಯಾರ್ಥಿನಿ: ಆಂಟಿ, ನೀವು ಬರ್ದ ಹೆಬ್ರಿಡೀಸಿನ ಸ್ಟಾಫಾ ದ್ವೀಪದ ಕಂಬದ ಬಂಡೆಗಳ ಫೋಟೋ ನೋಡಿ ನಮ್ಮ ಸೇಂಟ್ ಮೇರೀಸ್ ಅಂದ್ಕೊಂಡೆ. ಎರಡೂ ಒಂದೇನಾ?

ಅಣ್ಣ ತಮ್ಮ ಅಲ್ಲ, ದೂರದ ನೆಂಟರು. ಎರಡೂ ಕಡೆ ಕುದಿಯೋ ಲಾವಾ ತಣ್ಣಗಾಗ್ತಾ ಕುಗ್ಗಿ ಬಿರುಕು ಬಿಟ್ಟಿದ್ದು, ಬೇಸಿಗೇಲಿ ನೀರು ಆರಿದ ಗದ್ದೆ ಒಡೆಯುತ್ತಲ್ಲ ಹಾಗೆ, ಆ ಬಿರುಕು ಮೇಲಿಂದ ಕೆಳಗೆ ಇಳಿದಿದ್ದಕ್ಕೆ ಆರು ಮೂಲೆ ಐದು ಮೂಲೆಯ ಕಂಬಗಳು. ಮಲ್ಪೆಯ ಸೇಂಟ್ ಮೇರೀಸ್ ಹಿರಿಯ, ಸುಮಾರು 8 ಕೋಟಿ 80 ಲಕ್ಷ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರೆ ಆದ ಕಾಲದ್ದು. ಸ್ಟಾಫಾ ಸುಮಾರು 6 ಕೋಟಿ, ಅದು ಬಸಾಲ್ಟ್. ಸ್ಟಾಫಾದಲ್ಲಿ ಸಮುದ್ರ ಆ ಕಂಬಗಳನ್ನ ಕೊರೆದು ಫಿಂಗಲ್ಸ್ ಕೇವ್ ಅನ್ನೋ ಗುಹೆ ಮಾಡಿದೆ, ಒಳಗೆ ಅಲೆ ನುಗ್ಗಿದಾಗ ಬರೋ ಶಬ್ದ ಹೇಳೋಕಾಗಲ್ಲ, ಎದೆಗೆ ತಾಗುತ್ತೆ. ನೀನು ಮೊದಲು ಮಲ್ಪೆಗೆ ಹೋಗು ಮಗಳೇ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಜನ ಅಲ್ಲಿಗೆ ಹೋಗಿ ಐಸ್‌ಕ್ಯಾಂಡಿ ತಿಂದು ಬರ್ತಾರೆ. ಮಳೆಗಾಲದಲ್ಲಿ ಬೋಟಿಲ್ಲ. ಪಾಚಿ ಕಟ್ಟಿದ ಬಂಡೆ ಮೇಲೆ ಸೆಲ್ಫಿಗೆ ಹತ್ಬೇಡ.

ಇನ್ನೊಂದು ಹೇಳ್ಬೇಕು. ಹೆಬ್ರಿಡೀಸಿನ ಲೂಯಿಸ್ ದ್ವೀಪದಲ್ಲಿ ಕ್ಯಾಲನಿಷ್ ಅಂತ ನಿಲ್ಲಿಸಿದ ಕಲ್ಲುಗಳ ವೃತ್ತ ಇದೆ, ನಡುವಿನ ಕಲ್ಲು ಆಳೆತ್ತರದ ಹತ್ರ ಹತ್ರ ಮೂರು ಪಟ್ಟು. ನಿಲ್ಲಿಸಿ ಐದು ಸಾವಿರ ವರ್ಷ ಆಗಿರ್ಬಹುದು, ಆದ್ರೆ ಆ ಕಲ್ಲೇ, ನೈಸ್ ಶಿಲೆ, ಹತ್ರ ಹತ್ರ 300 ಕೋಟಿ ವರ್ಷದ್ದು. ಲಾಲ್‌ಬಾಗಿನ ಬಂಡೆನೂ ಅದೇ ವಯಸ್ಸು, ಅದೇ ಜಾತಿ. ಕೈಯಿಟ್ಟು ನೋಡಿದ್ರೆ ಅದೇ ಪಟ್ಟೆ ಪಟ್ಟೆ.

ಕುಶಾಲನಗರದಿಂದ: ಅಮ್ಮನಿಗೆ 68, ಮಂಡಿನೋವು. ಸಂಪಾಜೆ ಘಾಟೀಲೇ ಎರಡು ಸಲ ವಾಂತಿ. ಕರ್ಕೊಂಡು ಹೋಗ್ಬಹುದಾ?

ಘಾಟಿ ತಡ್ಕೊಳ್ಳದೋರು ಪೆಂಟ್‌ಲ್ಯಾಂಡ್ ಫರ್ತ್ ತಡ್ಕೋತಾರಾ ಅಂತ ನಾನು ಗ್ಯಾರಂಟಿ ಕೊಡಲ್ಲ. ಸ್ಕಾಟ್ಲೆಂಡಿಗೂ ಆರ್ಕ್ನಿಗೂ ನಡುವಿನ ಆ ನೀರಲ್ಲಿ ಉಬ್ಬರ ಇಳಿತದ ಸೆಳೆತ ಭಾರೀ ಜೋರು. ಸ್ಕ್ರಾಬ್‌ಸ್ಟರಿಂದ ಸ್ಟ್ರೋಮ್ನೆಸ್‌ಗೆ ದೊಡ್ಡ ಫೆರಿ, ಒಂದೂವರೆ ಗಂಟೆ. ಹಡಗಿನ ಮಧ್ಯದಲ್ಲಿ ಕೂರ್ಸಿ, ಮೊಬೈಲ್ ನೋಡೋಕೆ ಬಿಡ್ಬೇಡಿ, ದೂರ ದಿಗಂತ ನೋಡ್ಲಿ, ಹೊಟ್ಟೆ ಪೂರ್ತಿ ಖಾಲಿನೂ ಬೇಡ ಪೂರ್ತಿ ತುಂಬಿದ್ದೂ ಬೇಡ. ಮಾತ್ರೆ ಡಾಕ್ಟರನ್ನ ಕೇಳಿ ಹೊರಡೋ ಮುಂಚೆನೇ ಕೊಡಿ, ವಾಂತಿ ಶುರುವಾದ್ಮೇಲೆ ಕೊಟ್ಟು ಉಪಯೋಗ ಇಲ್ಲ. ದಾರೀಲಿ ಓಲ್ಡ್ ಮ್ಯಾನ್ ಆಫ್ ಹಾಯ್ ಅಂತ ಸಮುದ್ರದಲ್ಲಿ ಒಂಟಿ ನಿಂತ 137 ಮೀಟರ್ ಕಲ್ಲಿನ ಕಂಬ ಕಾಣುತ್ತೆ, ಅದನ್ನ ನೋಡೋ ಗಡಿಬಿಡೀಲಿ ನಮ್ಮ ಗುಂಪಲ್ಲಿ ಮೂರು ಜನ ವಾಂತಿ ಮರೆತರು.

ಮಂಡಿಗೆ ಮೇಸ್‌ಹೋ ಕಷ್ಟ, ಬೇಡ. ಸ್ಕಾರಾ ಬ್ರೇ, ಕ್ಯಾಲನಿಷ್, ಬ್ರಾಡ್ಗರ್ ಕಲ್ಲಿನ ವೃತ್ತ ನಿಧಾನ ನಡೆದು ನೋಡ್ಬಹುದು. ಎರಡನೇ ಮಹಾಯುದ್ಧದ ಇಟಾಲಿಯನ್ ಕೈದಿಗಳು ತಗಡಿನ ಎರಡು ಶೆಡ್ಡು ಸೇರಿಸಿ ಕಟ್ಟಿದ ಪುಟ್ಟ ಚರ್ಚಿದೆ, ಒಳಗೆ ಗೋಡೆಗೆ ಇಟ್ಟಿಗೆ ಕಲ್ಲಿನ ಹಾಗೆ ಬಣ್ಣ ಬರ್ದಿದ್ದಾರೆ, ಮುಟ್ಟಿದ್ರೆ ಚಪ್ಪಟೆ. ಅಮ್ಮನಿಗೆ ಅದು ಇಷ್ಟ ಆಗುತ್ತೆ, ಗಾಡಿ ಹತ್ರದವರೆಗೂ ಹೋಗುತ್ತೆ.

ಪೊನ್ನಂಪೇಟೆಯಿಂದ: ಅಕ್ಕಿ ಇಲ್ಲದೆ 11 ದಿನ ಹೇಗೆ ಇದ್ರಿ? ಪಂದಿ ಉಪ್ಪಿನಕಾಯಿ ತಗೊಂಡು ಹೋಗ್ಬಹುದಾ?

ಬೇಡ. ಇಂಡಿಯಾದಿಂದ ಮಾಂಸದ್ದು ಹಾಲಿಂದು ಯಾವುದೂ ಅಲ್ಲಿಗೆ ತಗೊಂಡು ಹೋಗೋ ಹಾಗಿಲ್ಲ, ಉಪ್ಪಿನಕಾಯಿ ಬಾಟ್ಲಿ ಆದ್ರೂ ಪಂದಿ ಪಂದಿನೇ. ನಾನು ಜಾಣೆ ಅಂದ್ಕೊಂಡು ಬರೀ ಕಾಚಂಪುಳಿ (ನಮ್ಮ ಕಪ್ಪು ಹುಳಿರಸ) ತಗೊಂಡೆ, ಅಲ್ಲಿನ ಪೋರ್ಕಿಗೆ ನಾಲ್ಕು ಹನಿ ಹಾಕ್ಕೊಂಡ್ರೆ ಊರು ನೆನಪಾಗುತ್ತೆ ಅಂತ, ಆದ್ರೆ ಇಟ್ಟಿದ್ದು ಕೈಚೀಲದಲ್ಲಿ, 200 ಮಿಲಿ. ಸೆಕ್ಯೂರಿಟೀಲಿ ಆ ಹುಡುಗ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು, ಮುಚ್ಚಳ ತೆಗೆದು ಮೂಸಿ, ಮುಖ ಹಿಂಡಿ, "ಮೇಡಂ ಇದು ಎಂಜಿನ್ ಆಯಿಲಾ?" ಅಂದ. ಅತ್ತೆ ಮೂರು ದಿನ ಒಲೆ ಮುಂದೆ ಕೂತು ಬತ್ತಿಸಿದ್ದು ಡಸ್ಟ್‌ಬಿನ್ನಿಗೆ ಹೋಯ್ತು, ಅತ್ತೆಗೆ ಇನ್ನೂ ಹೇಳಿಲ್ಲ, ಈಗ ಓದ್ತಾರೆ. ಚೆಕ್‌ಇನ್ ಸೂಟ್‌ಕೇಸಲ್ಲಿ ಗಟ್ಟಿ ಮುಚ್ಚಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ ಇಡಿ.

ಆರ್ಕ್ನಿಯಲ್ಲಿ ಬೇರ್ ಅಂತ ಹಳೇ ತಳಿ ಬಾರ್ಲಿ ಹಿಟ್ಟಿನ ರೊಟ್ಟಿ ಸಿಗುತ್ತೆ, ಕಂದು ಬಣ್ಣ, ಸ್ವಲ್ಪ ಮಣ್ಣಿನ ವಾಸನೆ. ಅಕ್ಕಿರೊಟ್ಟಿ ಆಗಲ್ಲ ಆದ್ರೆ ಬೆಣ್ಣೆ ಹಚ್ಚಿದ್ರೆ ನಡೆಯುತ್ತೆ. ಮೀನು ಚೆನ್ನ. ಲೂಯಿಸಲ್ಲಿ ಭಾನುವಾರ ಇದ್ರೆ ಶನಿವಾರವೇ ತಿನ್ನೋಕೆ ತಗೊಂಡಿಡಿ. ಭಾನುವಾರ ಅಂದ್ರೆ ಗೋಣಿಕೊಪ್ಪದಲ್ಲಿ ಸಂತೆ, ಅಲ್ಲಿ ಚರ್ಚು. ಲೂಯಿಸಿನ ಮುಖ್ಯ ಊರು ಸ್ಟೋರ್ನೋವೇಗೆ ಭಾನುವಾರ ಫೆರಿ ಓಡೋಕೆ ಶುರುವಾಗಿದ್ದೇ 2009ರಲ್ಲಿ, ಅದಕ್ಕೂ ವಿರೋಧ ಇತ್ತು.

ಸಿದ್ದಾಪುರದಿಂದ, ಹೋಂಸ್ಟೇ ನಡೆಸೋರು: ಅಕ್ಕ, ನಮ್ಮ ಗೆಸ್ಟುಗಳನ್ನ ಎಂಟು ಹತ್ತು ಜನ ಮಾಡಿ ಕರಾವಳಿ, ದ್ವೀಪ ಅಂತ ಎರಡು ಮೂರು ದಿನದ ಟೂರ್ ಮಾಡೋ ಯೋಚನೆ. ಎಲ್ಲಿಂದ ಶುರು ಮಾಡ್ಲಿ?

ಒಳ್ಳೇ ಯೋಚನೆ ತಮ್ಮಾ, ಒಂದು ಟೆಂಪೋ ಟ್ರಾವೆಲರ್ ಸಾಕು. ಎಲ್ಲಾರೂ ಮಂಗಳೂರು ದಾರಿ ನೋಡ್ತಾರೆ, ನೀನು ಮಾಕುಟ್ಟ ಘಾಟಿ ಇಳಿ. ಇರಿಟ್ಟಿ ದಾಟಿ ಕಣ್ಣೂರು, ತಲಶ್ಶೇರಿ. ಕಣ್ಣೂರಲ್ಲಿ ಪೋರ್ಚುಗೀಸರು 1505ರಲ್ಲಿ ಕಟ್ಟಿದ ಸೇಂಟ್ ಏಂಜೆಲೋ ಕೋಟೆ, ನಮ್ಮ ಮೆಣಸು ಏಲಕ್ಕಿ ಇಳಿದು ಹೋದ ಕಡಲು ಅದೇ ಅಂತ ಹೇಳಿದ್ರೆ ಗೆಸ್ಟಿಗೆ ನಿನ್ನ ತೋಟಕ್ಕೂ ಸಮುದ್ರಕ್ಕೂ ದಾರ ಕಟ್ಟಿದ ಹಾಗಾಯ್ತು. ತಲಶ್ಶೇರಿ ಹತ್ರ ಧರ್ಮಡಂ ಅಂತ ದಡದಿಂದ ನೂರು ಮೀಟರಿನ ಪುಟ್ಟ ದ್ವೀಪ, ಇಳಿತ ಇದ್ದಾಗ ನೀರಲ್ಲಿ ನಡ್ಕೊಂಡು ಹೋಗೋರಿದ್ದಾರೆ. ಇಲ್ಲೇ ಹುಷಾರು. ಉಬ್ಬರ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ, ಹೋದ ಶನಿವಾರ ಹತ್ತು ಗಂಟೆಗೆ ನಡೆದು ಹೋಗಿದ್ವಿ ಅಂತ ಈ ಶನಿವಾರ ಹತ್ತು ಗಂಟೆಗೆ ಹೋದ್ರೆ ನೀರು ಕುತ್ತಿಗೆಗಿರುತ್ತೆ. ಉಬ್ಬರದ ಪಟ್ಟಿ ನೋಡು, ಅದಕ್ಕಿಂತ ಹೆಚ್ಚಾಗಿ ಅಲ್ಲೇ ಬಲೆ ಹಾಕೋರನ್ನ ಕೇಳು, ಬೇಡ ಅಂದ್ರೆ ಬೇಡ. ಒಬ್ಬ ಲೋಕಲ್ ಮೀನುಗಾರನಿಗೆ ದಿನದ ಕೂಲಿ ಕೊಟ್ಟು ಜೊತೆಗೆ ಇಟ್ಕೋ, ಗೈಡ್ ಅವನೇ, ನೀನು ಮ್ಯಾನೇಜರ್.

ಅದು ಸರಿಹೋದ್ರೆ ಆಮೇಲೆ ಮಲ್ಪೆ, ಆಮೇಲೆ ಮುರುಡೇಶ್ವರದಿಂದ ನೇತ್ರಾಣಿ. ನೇತ್ರಾಣಿ ದಡದಿಂದ 19 ಕಿಲೋಮೀಟರಿನಷ್ಟು ಒಳಗೆ, ಡೈವಿಂಗ್ ಮಾಡೋರಿಗೆ, ಎಲ್ಲಾರ್ಗೂ ಅಲ್ಲ. ಜೂನಿಂದ ಸೆಪ್ಟೆಂಬರ್ ಬುಕಿಂಗ್ ತಗೋಬೇಡ. ಗೆಸ್ಟು ದುಡ್ಡು ಕೊಟ್ಟಿದ್ದಾನೆ, ರಿವ್ಯೂ ಕೆಟ್ಟದಾಗಿ ಬರೀತಾನೆ ಅನ್ನೋ ಹೆದರಿಕೇಲಿ ಬೋಟು ಹತ್ತಿಸೋ ದಿನ ಒಂದು ಬರುತ್ತೆ. ಆ ದಿನ ಹತ್ತಿಸ್ಬೇಡ. ವಾಪಸ್ ಕೊಡೋ ದುಡ್ಡನ್ನ ಮೊದಲೇ ರೇಟಲ್ಲಿ ಸೇರಿಸ್ಕೊಂಡಿರು.

ಭಾಗಮಂಡಲದಿಂದ: ಸೇಂಟ್ ಕಿಲ್ಡಾ ಅನ್ನೋ ದ್ವೀಪಕ್ಕೆ ಹೋಗೋಕೇ ಇಷ್ಟು ದೂರ ಬಂದೆ ಅಂತ ಬರ್ದಿದ್ರಿ, ಆಮೇಲೆ ಅದರ ಸುದ್ದಿನೇ ಇಲ್ಲ. ಕೊನೆಗೂ ನೋಡಿದ್ರಾ?

ಇಲ್ಲ.

ಹೆಬ್ರಿಡೀಸಿಂದ ಇನ್ನೂ 64 ಕಿಲೋಮೀಟರ್ ಪಶ್ಚಿಮಕ್ಕೆ ಅದು. ಸಾವಿರಾರು ವರ್ಷ ಜನ ಇದ್ದ ಜಾಗ, ಪಾತಾಳದಂತ ಕಡಿದಾದ ಬಂಡೆಗಳಲ್ಲಿ ಹಗ್ಗ ಕಟ್ಕೊಂಡು ಇಳಿದು ಕಡಲ ಹಕ್ಕಿ, ಮೊಟ್ಟೆ ಹಿಡಿದು ಬದುಕಿದೋರು. ಕಾಯಿಲೆ, ವಲಸೆ, ಬೆಳೆ ಸಾಲದೆ ಹೋಗಿದ್ದು, ಹೀಗೆ ಜನ ಕಮ್ಮಿ ಆಗ್ತಾ ಬಂದು ಕೊನೆಗೆ 36 ಜನ ಉಳಿದ್ರು, ನಮ್ಮನ್ನ ಇಲ್ಲಿಂದ ಕರ್ಕೊಂಡು ಹೋಗಿ ಅಂತ ಅವ್ರೇ ಸರ್ಕಾರಕ್ಕೆ ಬರ್ದ್ರು, 1930ರ ಆಗಸ್ಟ್ 29ಕ್ಕೆ ಹಡಗು ಹತ್ತಿದ್ರು. ಹೊರಡೋ ಮುಂಚೆ ಪ್ರತಿ ಮನೇಲೂ ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಒಂದು ಹಿಡಿ ಓಟ್ಸ್ ಇಟ್ಟು ಹೋದ್ರಂತೆ. ಬೀಗ ಹಾಕಿದ ಐನ್‌ಮನೆಗಳನ್ನ ನೋಡಿ ಬೆಳೆದೋಳಿಗೆ ಆ ಬೀದಿ ಒಂದ್ಸಲ ನೋಡ್ಬೇಕು ಅನ್ನಿಸಿತ್ತು.

ಬೋಟಿನೋರು ಮೊದಲೇ ಎರಡು ದಿನ ಕಾದಿರ್ಸಿ ಅಂದಿದ್ರು. ಮೊದಲ್ನೇ ದಿನ ಬೆಳಗ್ಗೆ ಗೈಡ್ ಬಂದು ಗಾಳಿ ಪಶ್ಚಿಮಕ್ಕೆ ತಿರುಗಿದೆ, ಇವತ್ತಿಲ್ಲ ಅಂದ್ಲು. ಎರಡನೇ ದಿನ ಬೆಳಗ್ಗೆ ಬಿಸಿಲು, ನಾವು ಇದ್ದ ದಡದಲ್ಲಿ ಸಮುದ್ರ ಕೊಳದ ತರ ಇತ್ತು, ಗುಂಪಲ್ಲಿ ಒಬ್ಬ ಕೂಗಾಡಿದ, ನಾನೂ ಒಳಗೊಳಗೇ ಕೂಗಾಡಿದೆ. ಅವಳು ಸುಮ್ನೆ ಫೋನಲ್ಲಿ ಅಲೆ ಎತ್ತರ ತೋರಿಸಿದ್ಲು, ಇಲ್ಲಿ ಇಲ್ಲದ ಅಲೆ ಅಲ್ಲಿ ದಡಕ್ಕೆ ಹೊಡೀತಿದೆ, ಹೋಗಬಹುದು ಇಳಿಯೋಕಾಗಲ್ಲ ಅಂದ್ಲು. ಬೋಟಿನ ದುಡ್ಡು ವಾಪಸ್ ಬಂತು. ಅವತ್ತು ಸಂಜೆ ನಮ್ಮನ್ನ ಎರಡನೇ ಸಲ ಕ್ಯಾಲನಿಷ್‌ಗೆ ಕರ್ಕೊಂಡು ಹೋದ್ಲು, ರಾತ್ರಿ ಒಂಬತ್ತೂವರೆ, ಬೆಳಕಿತ್ತು, ಬೇರೆ ಯಾರೂ ಇರ್ಲಿಲ್ಲ. ಕೂಗಾಡಿದ ಆ ಮನುಷ್ಯ ಒಂದು ಕಲ್ಲಿಗೆ ಗಾಳಿಗೆ ಮರೆಯಾಗಿ ಕೂತು ಫ್ಲಾಸ್ಕಿಂದ ಟೀ ಬಗ್ಗಿಸಿ ನನಗೂ ಒಂದು ಮುಚ್ಚಳ ಕೊಟ್ಟ.